ಈ ದಮ್ಮಿಗೆ ಘಾಟೊಂದೇ ಕಾರಣವಲ್ಲ

ಸೋಮವಾರವೋ ಗುರುವಾರವೋ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯೊಳಗೆ ಹೊಸಬರು ಕಾಲಿಟ್ಟರೆ ಮೊದಲು ಮಾತಾಡುವುದು ಅವರ ಮೂಗು. ಸೀನಿನ ಬೆನ್ನಿಗೆ ಕೆಮ್ಮು, ಕೆಮ್ಮಿನ ಬೆನ್ನಿಗೆ ಕಣ್ಣೀರು. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬ್ಯಾಡಗಿ ಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ಸಾವಿರಾರು ಚೀಲ ಒಂದೇ ಕಡೆ ಸುರಿದಾಗ ಆ ಘಾಟು ಯಾರನ್ನೂ ಬಿಡುವುದಿಲ್ಲ. ಖಾರದೊಳಗಿನ ಕ್ಯಾಪ್ಸೈಸಿನ್ ಶ್ವಾಸನಾಳದ ನರಗಳ ತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಕೆರಳಿಸುತ್ತದೆ. ಅಮೆರಿಕದ ಡೇವಿಡ್ ಜೂಲಿಯಸ್ 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ್ದು ಮೆಣಸಿನ ಖಾರದ ಜಾಡು ಹಿಡಿದೇ. 2021ರಲ್ಲಿ ಅವರಿಗೆ ನೊಬೆಲ್ ಬಂತು. ಈ ಕೆಮ್ಮು ನರಗಳು ಎಬ್ಬಿಸುವ ಕೆಮ್ಮು. ಮಾರುಕಟ್ಟೆಯಿಂದ ಹೊರಗೆ ಬಂದು ಗಾಳಿಗೆ ನಿಂತರೆ ಬಹುತೇಕರಿಗೆ ತಾನಾಗಿ ತಗ್ಗುತ್ತದೆ.

ತಗ್ಗದ ಇನ್ನೊಂದು ದಮ್ಮು ಇದೆ. ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಬಗ್ಗಿದರೆ ಬರುತ್ತದೆ, ಅಟ್ಟದ ಮೆಟ್ಟಿಲು ಹತ್ತಿದರೆ ಬರುತ್ತದೆ, ಅಂಗಾತ ಮಲಗಿದರಂತೂ ಎದೆಯ ಮೇಲೆ ಯಾರೋ ಕೂತಂತೆ ಆಗುತ್ತದೆ. ಬರುವುದು ನಲವತ್ತು ದಾಟಿದ, ಅಂಗಿಯ ಕೆಳಗಿನ ಗುಂಡಿ ಹಾಕಲು ಕಷ್ಟಪಡುವ ಗಂಡಸರಿಗೆ. ಏನಾಯಿತು ಎಂದು ಕೇಳಿದರೆ, ‘ಏನಿಲ್ರಿ, ಖಾರದ ಘಾಟು ಅಷ್ಟ’ ಎನ್ನುತ್ತಾರೆ. ರಾಣೆಬೆನ್ನೂರಿನವರು ಹತ್ತಿಯ ಧೂಳಿಗೆ ಹಾಕುತ್ತಾರೆ, ಹೊಳೆಸಾಲಿನವರು ಥಂಡಿಗೆ ಹಾಕುತ್ತಾರೆ. ಉಳಿದದ್ದೆಲ್ಲ ವಯಸ್ಸಿನ ಪಾಲಿಗೆ. ಧೂಳು ಸುಳ್ಳಲ್ಲ, ಬೀಡಿ ಸುಳ್ಳಲ್ಲ, ಒಲೆಯ ಹೊಗೆಯಂತೂ ಸುಳ್ಳೇ ಅಲ್ಲ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು, ನಂಜನಗೂಡು ಸೀಮೆಯ ಹಳ್ಳಿಗಳಲ್ಲಿ ಸೌದೆ ಒಲೆಯ ಮುಂದೆ ಕೂತ ಹೆಂಗಸರ ಶ್ವಾಸಕೋಶ ಹೇಗೆ ಕೆಡುತ್ತದೆಂದು ಅಧ್ಯಯನ ಮಾಡಿ ತೋರಿಸಿದ್ದಾರೆ. ಆದರೆ ಹೊರಗಿನ ಕಾರಣಗಳನ್ನು ಎಣಿಸುವುದರಲ್ಲೇ ನಾವು ನಿಂತುಬಿಟ್ಟರೆ, ಆ ಗಂಡಸಿನ ಅಂಗಿಯೊಳಗೇ ಇರುವ ಕಾರಣ ಲೆಕ್ಕಕ್ಕೆ ಬರುವುದಿಲ್ಲ. ಹೊಟ್ಟೆಯ ಬೊಜ್ಜು ಉಸಿರನ್ನು ಕಟ್ಟುತ್ತದೆ. ಅದೇ ಬೊಜ್ಜು ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನನ್ನೂ ಇಳಿಸುತ್ತದೆ. ಹಾರ್ಮೋನು ಇಳಿದರೆ ಸ್ನಾಯು ಕರಗಿ ಬೊಜ್ಜು ಇನ್ನಷ್ಟು ಏರುತ್ತದೆ. ಮೂರೂ ಒಂದನ್ನೊಂದು ಎಳೆಯುತ್ತವೆ.

ರಾಣೆಬೆನ್ನೂರು ತಾಲ್ಲೂಕಿನ ಐರಣಿಯನ್ನೇ ನೋಡಿ. ತುಂಗಭದ್ರೆಯ ದಂಡೆಯ ಊರು. ಕೋಟೆ ಇದೆ, ಹೊಳೆಮಠ ಇದೆ, ಕಂಬಳಿಗೆ ಹೆಸರಿದೆ. ಕಂಬಳಿ ಎಂದರೆ ಎಷ್ಟು ಕೈಗಳ, ಎಷ್ಟು ಕಾಲುಗಳ ಕೆಲಸ! ದಖನಿ ಕುರಿಗಳ ಹಿಂದೆ ದಿನವಿಡೀ ನಡೆಯಬೇಕು. ಉಣ್ಣೆ ಕತ್ತರಿಸಿ, ಹಿಂಜಿ, ನೂಲಬೇಕು. ಹುಣಸೆ ಬೀಜದ ಸರಿ ಕುದಿಸಿ ಹಾಸಿನ ಎಳೆಗಳಿಗೆ ಹಚ್ಚಬೇಕು. ಆಮೇಲೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯಬೇಕು. ಆ ದುಡಿಮೆಯಲ್ಲಿ ಉಣ್ಣೆಯ ಧೂಳು ಎದೆಗೆ ಇಳಿಯುತ್ತಿತ್ತು ನಿಜ. ಜೊತೆಗೇ ಕುರಿ ಕಾಯುವವನ ಕಾಲುಗಳು ಅವನ ಶ್ವಾಸಕೋಶಕ್ಕೆ ದಿನಾ ಕೆಲಸ ಕೊಡುತ್ತಿದ್ದವು. ಇವತ್ತು ದಖನಿ ಉಣ್ಣೆಗೆ ಬೆಲೆಯಿಲ್ಲ. ಜಿಲ್ಲೆಯ ಹೊಲಗಳಲ್ಲಿ ಗೋವಿನಜೋಳ ಹಬ್ಬಿದೆ, ಉಳುವುದಕ್ಕೂ ರಾಶಿ ಮಾಡುವುದಕ್ಕೂ ಯಂತ್ರ ಬಂದಿದೆ, ಊರಿಂದ ಊರಿಗೆ ಬೈಕಿದೆ. ಮೈ ಮುರಿಯುವ ದುಡಿಮೆ ಕಡಿಮೆಯಾದದ್ದನ್ನು ನಾನು ಹಳಿಯಲಾರೆ; ಆ ದುಡಿಮೆ ಎಷ್ಟೋ ಜನರನ್ನು ಐವತ್ತಕ್ಕೇ ಮುದುಕರನ್ನಾಗಿಸಿತ್ತು. 2013ರಲ್ಲಿ ಬಂದ ಅನ್ನಭಾಗ್ಯದ ಅಕ್ಕಿಯನ್ನೂ ಹಳಿಯಲಾರೆ. ಹಸಿವು ಕಂಡವರು ಅದನ್ನು ಹಳಿಯುವುದಿಲ್ಲ. ಆದರೆ ಜೋಳದ ರೊಟ್ಟಿ ಎರಡರಿಂದ ಒಂದಕ್ಕೆ ಇಳಿದು, ಅನ್ನ ಒಂದು ಬಟ್ಟಲಿನಿಂದ ಎರಡಕ್ಕೆ ಏರಿ, ಸಂಜೆಗೆ ಮಿರ್ಚಿ ಮಂಡಕ್ಕಿ, ದಿನಕ್ಕೆ ಐದಾರು ಸಕ್ಕರೆ ಚಹಾ ಸೇರಿದರೆ, ನಡೆಯದ ದೇಹ ಅದನ್ನೆಲ್ಲ ಎಲ್ಲಿಡಬೇಕು? ಹೊಟ್ಟೆಯಲ್ಲೇ ಇಡುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ (2015–16) ಕರ್ನಾಟಕದ ಗಂಡಸರಲ್ಲಿ ಶೇ 22.1ರಷ್ಟು ಮಂದಿಯ ತೂಕ ಮಿತಿಮೀರಿತ್ತು. ಐದನೇ ಸುತ್ತಿಗೆ (2019–21) ಅದು ಶೇ 30.9 ಆಯಿತು. ಇಷ್ಟು ಕಡಿಮೆ ಅವಧಿಯಲ್ಲಿ ಇಂಥ ಏರಿಕೆ ಹಗುರವಾದ ಸಂಗತಿಯಲ್ಲ. ಅದೇ ಸಮೀಕ್ಷೆಯ ಜಿಲ್ಲಾವಾರು ಹಾಳೆಗಳನ್ನು ತೆರೆದರೆ ಹೆಂಗಸರ ತೂಕದ ಲೆಕ್ಕ ಸಿಗುತ್ತದೆ, ಗಂಡಸರದ್ದು ಸಿಗುವುದಿಲ್ಲ. ಹಾವೇರಿಯ ಗಂಡಸಿನ ಹೊಟ್ಟೆಯನ್ನು ಸರ್ಕಾರಿ ಕಾಗದವೂ ಅಳೆದಿಲ್ಲ, ಅವನೂ ಅಳೆದುಕೊಂಡಿಲ್ಲ.

ಅಳೆಯುವಾಗ ಇನ್ನೊಂದು ತೊಡಕಿದೆ. ನಮ್ಮಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆಯೊಂದೇ ಮುಂದೆ ಬಂದವರು ಬಹಳ. ‘ಅವನೇನು ದಪ್ಪ, ಹೊಟ್ಟೆ ಅಷ್ಟ ಐತಿ’ ಎನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮದೇ ಫೋಟೋ ಹಾಕಿ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ಇಬ್ಬರದ್ದೂ ಒಂದೇ, 22.3. ಆದರೆ ಮೈಯ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ತಕ್ಕಡಿ ಇಬ್ಬರನ್ನೂ ಸಮ ಎನ್ನುತ್ತಿತ್ತು! ಅದಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೇ ಎಚ್ಚರ, 25 ದಾಟಿದರೆ ಬೊಜ್ಜು ಎಂಬ ಲೆಕ್ಕ ಬಂದದ್ದು. ಅದಕ್ಕಿಂತ ಸುಲಭದ ಅಳತೆ ದರ್ಜಿಯ ಟೇಪು: ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದ್ದು 80 ದಾಟಬಾರದು. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದ ವಯಸ್ಕರಲ್ಲಿ ಶೇ 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜು ಇರುವುದು ಕಂಡುಬಂತು. ಬಿಎಂಐ ಲೆಕ್ಕದ ಬೊಜ್ಜಿನವರು ಶೇ 28.6. ಈ ಎರಡರ ನಡುವಿನ ಅಂತರದಲ್ಲಿ ಇರುವವರೇ ‘ಹೊಟ್ಟೆ ಅಷ್ಟ’ ಇರುವವರು.

ಈ ಹೊಟ್ಟೆ ಉಸಿರಿಗೆ ಅಡ್ಡ ಬರುವ ಬಗೆ ಮೊದಲಿಗೆ ಬರೀ ಜಾಗದ ತಕರಾರು. ಎದೆಗೂಡಿಗೂ ಹೊಟ್ಟೆಗೂ ನಡುವೆ ವಪೆ ಎಂಬ ಕಮಾನಿನಂಥ ಸ್ನಾಯುವಿದೆ. ಉಸಿರು ಎಳೆದಾಗ ಅದು ಕೆಳಗೆ ಇಳಿಯಬೇಕು, ಆಗಲೇ ಶ್ವಾಸಕೋಶ ಹಿಗ್ಗುವುದು. ಹೊಟ್ಟೆಯೊಳಗೆ ಕೊಬ್ಬು ತುಂಬಿದ್ದರೆ ವಪೆ ಇಳಿಯಲು ಹೋದಾಗಲೆಲ್ಲ ಕೆಳಗಿನಿಂದ ಒತ್ತಿ ಹಿಡಿದಂತಾಗುತ್ತದೆ. ಕಮ್ಮಾರನ ತಿದಿಯ ಕೆಳಗೆ ಕಲ್ಲಿಟ್ಟು ಊದು ಎಂದ ಹಾಗೆ. ಸಾಮಾನ್ಯ ಉಸಿರು ಬಿಟ್ಟ ಮೇಲೂ ನಮ್ಮ ಶ್ವಾಸಕೋಶದಲ್ಲಿ ಒಂದಷ್ಟು ಗಾಳಿ ಮೀಸಲು ಉಳಿದಿರುತ್ತದೆ. ಬೊಜ್ಜು ಮೊದಲು ಕಸಿಯುವುದು ಆ ಮೀಸಲನ್ನೇ. ಕೆನಡಾದ ಜೋನ್ಸ್ ಮತ್ತು ನ್ಜೆಕ್ವು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಎಂಐ 20 ಇರುವವರಿಗೆ ಹೋಲಿಸಿದರೆ 30 ಮುಟ್ಟಿದವರಲ್ಲಿ ಜೋರಾಗಿ ಊದಿ ಹೊರಹಾಕಬಹುದಾದ ಮೀಸಲು ಗಾಳಿ ಅರ್ಧಕ್ಕಿಂತ ಕಡಿಮೆ, ಅಂದರೆ ಶೇ 47ರಷ್ಟು ಮಾತ್ರ ಉಳಿದಿತ್ತು. ಮೀಸಲು ಕುಗ್ಗಿದಾಗ ಶ್ವಾಸಕೋಶದ ತಳಭಾಗದ ಸಣ್ಣ ನಾಳಗಳು ಮುಚ್ಚಿಕೊಳ್ಳುತ್ತವೆ. ಅಲ್ಲಿ ರಕ್ತ ಹರಿಯುತ್ತದೆ, ಗಾಳಿ ತಲುಪುವುದಿಲ್ಲ. ಅಂಗಾತ ಮಲಗಿದಾಗ ಹೊಟ್ಟೆಯ ಭಾರ ಇನ್ನೂ ಮೇಲಕ್ಕೆ ಒತ್ತುವುದರಿಂದ ರಾತ್ರಿಯೇ ಹೆಚ್ಚು ಕಷ್ಟ.

ಇಲ್ಲೊಂದು ಸೂಕ್ಷ್ಮವಿದೆ, ರೋಗಿಗಳೂ ತಿಳಿದಿರಬೇಕಾದದ್ದು. ಉಸಿರು ಊದಿಸಿ ಅಳೆಯುವ ಸ್ಪೈರೋಮೀಟರನ್ನು ಇಂಗ್ಲೆಂಡಿನ ಜಾನ್ ಹಚಿನ್ಸನ್ 1846ರಲ್ಲೇ ಜಗತ್ತಿನ ಮುಂದಿಟ್ಟಿದ್ದ. ಬೀಡಿ ಸೇದಿ ಕೆಟ್ಟ ಶ್ವಾಸಕೋಶದಲ್ಲಿ ನಾಳಗಳು ಕಿರಿದಾಗಿ ಗಾಳಿ ಹೊರಬರಲು ಹೊತ್ತು ಹಿಡಿಯುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ಬೊಜ್ಜಿನ ದಮ್ಮಿನಲ್ಲಿ ಗಾಳಿ ಹೊರಬರುವ ವೇಗದ ಪ್ರಮಾಣ ಬಹುಪಾಲು ಸರಿಯಾಗಿಯೇ ಇರುತ್ತದೆ, ಒಟ್ಟು ಗಾಳಿಯೇ ಕಡಿಮೆ. ಹಾಗಾಗಿ ಪರೀಕ್ಷೆಯೇ ಇಲ್ಲದೆ ‘ದಮ್ಮು’ ಎಂಬ ಒಂದೇ ಮಾತಿನ ಮೇಲೆ ಇನ್ಹೇಲರ್ ಬರೆದುಕೊಟ್ಟರೆ ಒಬ್ಬನಿಗೆ ಅದು ಜೀವದಾನ, ಇನ್ನೊಬ್ಬನಿಗೆ ಬರೀ ಖರ್ಚು. ಇಬ್ಬರಿಗೂ ಒಂದೇ ಚೀಟಿ ಹೋಗಬಾರದು. ಹಾಗೆಂದು ನಿಜವಾದ ಅಸ್ತಮಾ ಇರುವವರು ಇನ್ಹೇಲರ್ ಬಿಟ್ಟರೆ ಅಪಾಯ. ಬೊಜ್ಜು ಮತ್ತು ಅಸ್ತಮಾ ಒಟ್ಟಿಗೇ ಇರಬಹುದು. ಆಸ್ಟ್ರೇಲಿಯಾದ ಪರ್ತ್‌ನ ಸಂಶೋಧಕರು ತೀರಿಕೊಂಡ 52 ಜನರ ಶ್ವಾಸಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 2019ರಲ್ಲಿ ವರದಿ ಮಾಡಿದರು: ಶ್ವಾಸನಾಳದ ಗೋಡೆಯೊಳಗೇ ಕೊಬ್ಬು ಸೇರಿಕೊಂಡಿತ್ತು, ತೂಕ ಹೆಚ್ಚಿದಂತೆ ಆ ಕೊಬ್ಬೂ ಹೆಚ್ಚಿತ್ತು. ಅಂದರೆ ಬೊಜ್ಜು ಹೊರಗಿನಿಂದ ಒತ್ತುವುದಷ್ಟೇ ಅಲ್ಲ, ನಾಳದೊಳಕ್ಕೂ ಇಳಿಯುತ್ತದೆ.

ಇನ್ನು ಹಾರ್ಮೋನಿನ ಮಾತು. ಇದನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಆಡಿದರೆ ಗೋಡೆಯ ಮೇಲಿನ ‘ಗುಪ್ತರೋಗ’ದ ಜಾಹೀರಾತಿನ ಧಾಟಿಯಲ್ಲೇ ಆಡುತ್ತಾರೆ. ಟೆಸ್ಟೋಸ್ಟೆರಾನ್ ಎಂಬುದು ಮಂಚಕ್ಕೆ ಸಂಬಂಧಪಟ್ಟದ್ದು ಮಾತ್ರವಲ್ಲ. ಸ್ನಾಯು ಕಟ್ಟುವುದು ಅದು, ಮೂಳೆ ಗಟ್ಟಿ ಇಡುವುದು ಅದು, ಉಸಿರಿನ ಪ್ರಾಣವಾಯುವನ್ನು ಹೊರುವ ಕೆಂಪು ರಕ್ತಕಣಗಳ ಉತ್ಪತ್ತಿಗೆ ಕುಮ್ಮಕ್ಕು ಕೊಡುವುದೂ ಅದೇ. ವಪೆಯೂ ಪಕ್ಕೆಲುಬಿನ ನಡುವಿನ ಪಟ್ಟಿಗಳೂ ಸ್ನಾಯುಗಳೇ ಎಂಬುದು ನೆನಪಿರಲಿ. ಕೊಬ್ಬಿನ ಕೋಶಗಳಲ್ಲಿ ಆರೊಮಟೇಸ್ ಎಂಬ ಕಿಣ್ವವಿದೆ. ಅದು ಟೆಸ್ಟೋಸ್ಟೆರಾನನ್ನು ಹೆಣ್ಣು ಹಾರ್ಮೋನಾದ ಎಸ್ಟ್ರಡಯಾಲ್ ಆಗಿ ಮಾರ್ಪಡಿಸುತ್ತದೆ. ಬೊಜ್ಜಿನ ಉರಿಯೂತ ಮತ್ತು ಇನ್ಸುಲಿನ್ನಿಗೆ ಸ್ಪಂದಿಸದ ಮೈ ಸೇರಿ ಮಿದುಳಿನಿಂದ ವೃಷಣಕ್ಕೆ ಹೋಗುವ ಆಜ್ಞೆಯನ್ನೇ ಕುಗ್ಗಿಸುತ್ತವೆ. ಅಮೆರಿಕದ ಬಫಲೋ ನಗರದ ಪರೇಶ್ ದಂಡೋನಾ, ಸಂದೀಪ್ ಧಿಂಡ್ಸಾ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 45 ದಾಟಿದ ಬೊಜ್ಜಿನ ಗಂಡಸರಲ್ಲಿ ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಶೇ 40ರಷ್ಟು, ಸಕ್ಕರೆ ಕಾಯಿಲೆಯೂ ಇದ್ದರೆ ಶೇ 50ರಷ್ಟು ಮಂದಿಗೆ ರಕ್ತದಲ್ಲಿ ಬಿಡಿಯಾಗಿ ಸಿಗುವ ಟೆಸ್ಟೋಸ್ಟೆರಾನ್ ಕಡಿಮೆಯಿತ್ತು.

ಹಾರ್ಮೋನಿಗೂ ಶ್ವಾಸಕೋಶಕ್ಕೂ ನೇರ ನಂಟಿದೆಯೇ? ನಾರ್ವೆಯ ಟ್ರೊಮ್ಸೊ ಊರಿನಲ್ಲಿ ಗಂಡಸರ ರಕ್ತ ಮತ್ತು ಉಸಿರು ಎರಡನ್ನೂ ಅಳೆದು 2007ರಲ್ಲಿ ಬರೆದ ವರದಿಯಲ್ಲಿ ಶ್ವಾಸಕೋಶದ ಬಲ ಕಡಿಮೆ ಇದ್ದವರಲ್ಲಿ ಟೆಸ್ಟೋಸ್ಟೆರಾನ್ ಕೂಡ ಕಡಿಮೆ ಇತ್ತು. ಒಂದೇ ಸಲ ಅಳೆದ ಲೆಕ್ಕದಿಂದ ಯಾವುದು ಮೊದಲು ಇಳಿಯಿತು ಎಂದು ಹೇಳಲಾಗದು. ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯೂ ಹಾರ್ಮೋನನ್ನು ಇಳಿಸಬಲ್ಲದು. ಇದಕ್ಕಿಂತ ಮುಂಚೆ, 2004ರಲ್ಲಿ, ಕ್ಯಾಲಿಫೋರ್ನಿಯಾದ ರಿಚರ್ಡ್ ಕಸಬುರಿ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇದ್ದು ಹಾರ್ಮೋನು ಕಡಿಮೆಯಿದ್ದ 47 ಗಂಡಸರಿಗೆ 10 ವಾರ ಪ್ರಯೋಗ ಮಾಡಿದ್ದರು. ಟೆಸ್ಟೋಸ್ಟೆರಾನ್ ಪಡೆದವರ ಸ್ನಾಯುವೂ ಕಾಲಿನ ಬಲವೂ ಹೆಚ್ಚಿದವು, ಭಾರ ಎತ್ತುವ ವ್ಯಾಯಾಮವನ್ನೂ ಮಾಡಿದವರಿಗೆ ಇನ್ನೂ ಹೆಚ್ಚಿದವು. ಬಲ ಬಂದದ್ದು ಕಾಲಿಗೆ ಎಂಬುದನ್ನು ಗಮನಿಸಬೇಕು. ಕೆಟ್ಟ ಶ್ವಾಸಕೋಶವನ್ನು ರಿಪೇರಿ ಮಾಡುವ ಔಷಧಿ ಅದಲ್ಲ.

ಈ ಮೂರು ಎಳೆಗಳು ಗಂಟು ಬೀಳುವ ಜಾಗ ರಾತ್ರಿಯ ನಿದ್ದೆ. ಗೊರಕೆಯನ್ನು ನಾವು ಗಾಢ ನಿದ್ದೆಯ ಗುರುತು ಎಂದುಕೊಂಡು ಬಂದಿದ್ದೇವೆ. ಗೊರಕೆ ಜೋರಾಗಿ ಏರಿ, ಥಟ್ಟನೆ ನಿಂತು, ಹತ್ತಿಪ್ಪತ್ತು ಸೆಕೆಂಡು ಸದ್ದೇ ಇಲ್ಲದೆ, ಆಮೇಲೆ ನೀರಿನಿಂದ ಮೇಲೆದ್ದವನಂತೆ ಏದುಸಿರು ಎಳೆದರೆ ಅದು ಸ್ಲೀಪ್ ಆಪ್ನಿಯ. ಕತ್ತಿನ ಸುತ್ತಲಿನ ಕೊಬ್ಬು ಗಂಟಲಿನ ದಾರಿಯನ್ನು ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ. ಹೀಗೆ ರಾತ್ರಿಗೆ ನೂರಾರು ಸಲ ಆಗುವವರಿದ್ದಾರೆ. ಟೆಸ್ಟೋಸ್ಟೆರಾನ್ ಏರುವುದು ನಿದ್ದೆಯಲ್ಲಿ, ಬೆಳಗಿನ ಜಾವಕ್ಕೆ ಅದು ಅತಿ ಹೆಚ್ಚು. ಷಿಕಾಗೋದಲ್ಲಿ 10 ಆರೋಗ್ಯವಂತ ತರುಣರನ್ನು ಒಂದು ವಾರ ದಿನಕ್ಕೆ ಐದೇ ಗಂಟೆ ಮಲಗಿಸಿದಾಗ ಅವರ ಹಗಲಿನ ಟೆಸ್ಟೋಸ್ಟೆರಾನ್ ಶೇ 10ರಿಂದ 15ರಷ್ಟು ಇಳಿದದ್ದು 2011ರಲ್ಲಿ ವರದಿಯಾಯಿತು. ಇಪ್ಪತ್ತರ ಹರೆಯದವರಿಗೆ ಒಂದು ವಾರದಲ್ಲಿ ಹೀಗಾದರೆ, ವರ್ಷಗಟ್ಟಲೆ ಹರಿದು ಚಿಂದಿಯಾದ ನಿದ್ದೆ ಮಾಡುವ ಐವತ್ತರ ಮನುಷ್ಯನ ಗತಿ ಏನು?

ಬೊಜ್ಜು ಇನ್ನೂ ವಿಪರೀತವಾದರೆ ಹಗಲಲ್ಲೂ ಉಸಿರಾಟ ಸಾಲದೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಉಳಿದುಕೊಳ್ಳುತ್ತದೆ. ಕೂತಲ್ಲೇ ತೂಕಡಿಕೆ, ಬೆಳಗ್ಗೆ ತಲೆನೋವು, ಕಾಲು ಬಾವು. 1956ರಲ್ಲಿ ಬರ್ವೆಲ್ ಎಂಬ ವೈದ್ಯರು ಇದನ್ನು ವಿವರಿಸುವಾಗ ಡಿಕನ್ಸನ ಕಾದಂಬರಿಯೊಂದರ ಸದಾ ತೂಕಡಿಸುವ ದಪ್ಪ ಹುಡುಗನನ್ನು ನೆನೆದು, ಆ ಕಾದಂಬರಿಯ ಪಿಕ್‌ವಿಕ್ ಹೆಸರನ್ನೇ ಕೊಟ್ಟರು. ತೂಕಡಿಸುತ್ತ ಟ್ರ್ಯಾಕ್ಟರ್, ಲಾರಿ ಓಡಿಸುವವರ ಮಟ್ಟಿಗೆ ಇದು ಅವರೊಬ್ಬರ ಕಾಯಿಲೆಯಾಗಿ ಉಳಿಯುವುದಿಲ್ಲ. ಪುಣೆ-ಬೆಂಗಳೂರು ಹೆದ್ದಾರಿ ಹಾವೇರಿ, ರಾಣೆಬೆನ್ನೂರುಗಳ ಮಗ್ಗುಲಲ್ಲೇ ಹಾದುಹೋಗಿದೆ.

ನನಗೆ ಅತಿ ಆತಂಕದ ಸಂಗತಿ ಬೇರೊಂದಿದೆ. ಸುಸ್ತು, ಹೆಂಡತಿಯ ಮೇಲೆ ಆಸೆ ಇಲ್ಲ, ಬೆಳಗಿನ ಸಹಜ ಉದ್ರೇಕ ನಿಂತುಹೋಗಿದೆ: ಇಷ್ಟನ್ನು ವೈದ್ಯರ ಮುಂದೆ ಹೇಳಲು ನಾಚುವ ಗಂಡಸು, ಬಸ್ ನಿಲ್ದಾಣದ ಗೋಡೆ ನೋಡಿ ಪುಡಿ, ಮಾತ್ರೆ ತರಲು ನಾಚುವುದಿಲ್ಲ. ಜಿಮ್ಮಿನ ಹುಡುಗರು ಯಾರದೋ ಮಾತು ಕೇಳಿ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುತ್ತಾರೆ. ಹೊರಗಿನಿಂದ ಈ ಹಾರ್ಮೋನು ಹೋದರೆ ಮೈ ತನ್ನದೇ ತಯಾರಿ ನಿಲ್ಲಿಸುತ್ತದೆ, ವೀರ್ಯಾಣು ಉತ್ಪತ್ತಿ ಕುಸಿಯುತ್ತದೆ, ಮಕ್ಕಳಾಗುವುದು ಕಷ್ಟವಾಗುತ್ತದೆ. ‘ಗಂಡಸುತನ’ಕ್ಕೆಂದು ಕೊಂಡದ್ದು ಸಂತಾನವನ್ನೇ ತಡೆಯುತ್ತದೆ ಎಂದು ಆ ಹುಡುಗರಿಗೆ ಯಾರಾದರೂ ಕೂರಿಸಿಕೊಂಡು ಹೇಳಬೇಕು. ರಕ್ತ ಮಂದವಾಗುವುದೂ ಉಂಟು. ಟ್ರಾವರ್ಸ್ ಎಂಬ ಹೆಸರಿನ, 5,000ಕ್ಕೂ ಹೆಚ್ಚು ಗಂಡಸರನ್ನು ಒಳಗೊಂಡ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಹಾರ್ಮೋನು ನಿಜವಾಗಿ ಕಡಿಮೆಯಿದ್ದವರಿಗೆ ವೈದ್ಯರ ನಿಗಾದಲ್ಲಿ ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಅಷ್ಟರ ಮಟ್ಟಿಗೆ ಸಮಾಧಾನ. ಆದರೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವ ಪಲ್ಮನರಿ ಎಂಬಾಲಿಸಮ್ ಹಾರ್ಮೋನು ಪಡೆದವರಲ್ಲಿ ಶೇ 0.9, ಪಡೆಯದವರಲ್ಲಿ ಶೇ 0.5ರಷ್ಟಿತ್ತು. ಚಿಕಿತ್ಸೆ ಪಡೆಯದ ತೀವ್ರ ಸ್ಲೀಪ್ ಆಪ್ನಿಯ ಇದ್ದವರಿಗೆ ಈ ಹಾರ್ಮೋನು ಕೊಡಬಾರದೆಂದು ವೈದ್ಯಕೀಯ ಮಾರ್ಗಸೂಚಿಯೇ ಹೇಳುತ್ತದೆ. ಉಸಿರಿಗಾಗಿ ಹೊರಟು ಉಸಿರನ್ನೇ ಕಳೆದುಕೊಳ್ಳುವ ದಾರಿ ಅದು.

ಹಾಗಾದರೆ ಮೊದಲು ಏನು? ತೂಕ. ಇಟಲಿಯ ಜೊವಾನ್ನಿ ಕೊರೊನಾ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಲೆಕ್ಕ ಹಾಕಿದರು. ಊಟದ ಕ್ರಮದಿಂದ ಸುಮಾರು ಶೇ 10ರಷ್ಟು ತೂಕ ಇಳಿಸಿದವರಲ್ಲಿ ಟೆಸ್ಟೋಸ್ಟೆರಾನ್ ಲೀಟರಿಗೆ 2.9 ನ್ಯಾನೊಮೋಲ್ ಏರಿತ್ತು. ನಮ್ಮ ಲ್ಯಾಬುಗಳ ಅಳತೆಯಲ್ಲಿ ಅದು ಡೆಸಿಲೀಟರಿಗೆ 80 ನ್ಯಾನೊಗ್ರಾಂ ದಾಟುತ್ತದೆ. ಕಡಿಮೆ ಎನ್ನಿಸಿಕೊಳ್ಳುವ ಗಡಿ 300 ಎಂದು ಇಟ್ಟುಕೊಂಡರೆ, 240ರಲ್ಲಿ ಇದ್ದ 90 ಕೆ.ಜಿ. ಮನುಷ್ಯ 9 ಕೆ.ಜಿ. ಇಳಿದು ಸೂಜಿಯಿಲ್ಲದೆ ಗಡಿ ದಾಟಬಹುದು. ಅದೇ 9 ಕೆ.ಜಿ. ವಪೆಯ ಮೇಲಿನ ಒತ್ತಡವನ್ನೂ ಇಳಿಸುತ್ತದೆ, ಗಂಟಲಿನ ದಾರಿಯನ್ನೂ ಬಿಡಿಸುತ್ತದೆ. ಬೇರೆ ಯಾವ ಔಷಧಿಯೂ ಮೂರೂ ಕಡೆ ಹೀಗೆ ಒಟ್ಟಿಗೆ ಕೆಲಸ ಮಾಡುವುದನ್ನು ನಾನು ಕಾಣೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಸೊಪ್ಪು, ಮೊಸರು ನಮ್ಮ ಊಟವೇ. ಹೊರಗಿನಿಂದ ಏನೂ ತರಬೇಕಾಗಿಲ್ಲ, ಅನ್ನವನ್ನೂ ಸಕ್ಕರೆಯನ್ನೂ ಎಣ್ಣೆಯನ್ನೂ ಕಡಿಮೆ ಮಾಡಬೇಕು. ನಡೆಯಬೇಕು, ಸ್ನಾಯು ಉಳಿಯಲು ಭಾರವನ್ನೂ ಎತ್ತಬೇಕು. ಆಪ್ನಿಯ ಇದ್ದವರಿಗೆ ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಜಗತ್ತಿಗೆ ತಿಳಿಸಿದ ಸಿಪ್ಯಾಪ್ ಯಂತ್ರವಿದೆ. ಮೂಗಿನ ಮುಸುಕಿನಿಂದ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುತ್ತದೆ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳೂ ಬಂದಿವೆ. ಅವುಗಳ ಬೆಲೆ ಮಗ್ಗದವರ, ಹಮಾಲರ ಕೈಗೆ ಇನ್ನೂ ಎಟುಕುವುದಿಲ್ಲ, ಎಟುಕಬೇಕಾದದ್ದು ನ್ಯಾಯ.

ಹಾರ್ಮೋನು ಪರೀಕ್ಷೆ ಬೇಕೆಂದು ವೈದ್ಯರು ಹೇಳಿದರೆ ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ ಮಾಡಿಸಬೇಕು, ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಮಾಡಿಸಬೇಕು. ಮಧ್ಯಾಹ್ನ ಊಟ ಮುಗಿಸಿ ಕೊಟ್ಟ ರಕ್ತದಲ್ಲಿ ಅದು ಹೇಗಿದ್ದರೂ ಕಡಿಮೆಯೇ ಕಾಣುತ್ತದೆ. ಎರಡು ಸಲ ಕಡಿಮೆ ಬಂದು, ಲಕ್ಷಣಗಳೂ ಇದ್ದು, ಬೇರೆ ಕಾರಣ ತಿಳಿದ ಮೇಲೆಯೇ ಚಿಕಿತ್ಸೆಯ ಮಾತು. ಇನ್ನೊಂದು ಎಚ್ಚರ: ದಮ್ಮು ಒಮ್ಮೆಗೇ ಬಂದರೆ, ಎದೆನೋವಿದ್ದರೆ, ರಕ್ತ ಕೆಮ್ಮಿದರೆ, ಒಂದು ಕಾಲು ಮಾತ್ರ ಊದಿಕೊಂಡಿದ್ದರೆ ಟೇಪು, ತಕ್ಕಡಿ ಎಲ್ಲ ಬಿಟ್ಟು ಅದೇ ಗಳಿಗೆಗೆ ದೊಡ್ಡಾಸ್ಪತ್ರೆಗೆ ಹೋಗಬೇಕು. ಹಾವೇರಿಯಲ್ಲೇ ಈಗ ವೈದ್ಯಕೀಯ ಕಾಲೇಜು ಇದೆ. ಐರಣಿ ಕಡೆಯವರಿಗೆ ಹರಿಹರ ದಾಟಿದರೆ ದಾವಣಗೆರೆ. ಇನ್ನೊಂದು ದಿಕ್ಕಿಗೆ ಹುಬ್ಬಳ್ಳಿ.

ಅಳೆಯುವ ವ್ಯವಸ್ಥೆ ಊರಿನಲ್ಲೇ ಇಲ್ಲವೆಂದಲ್ಲ. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ತರುವ ಸಿಬ್ಯಾಕ್ ಎಂಬ ನಮೂನೆಯಲ್ಲಿ ಸೊಂಟದ ಸುತ್ತಳತೆಯ ಅಂಕಣ ಮೊದಲಿನಿಂದಲೂ ಇದೆ. ಗಂಡಸರಿಗೆ 90ರೊಳಗಿದ್ದರೆ ಸೊನ್ನೆ, 91ರಿಂದ 100ಕ್ಕೆ ಒಂದು ಅಂಕ, 100 ದಾಟಿದರೆ ಎರಡು. ತಂಬಾಕು, ಕುಡಿತ, ವ್ಯಾಯಾಮ, ಮನೆತನದ ಕಾಯಿಲೆ ಎಲ್ಲ ಸೇರಿ ನಾಲ್ಕು ದಾಟಿದರೆ ತಪಾಸಣೆಗೆ ಕಳಿಸಬೇಕು. ಉಸಿರಾಟದ ತೊಂದರೆ ಇದೆಯೇ ಎಂಬ ಪ್ರಶ್ನೆಯೂ ಅದರಲ್ಲಿದೆ. ಆದರೆ ಅಕ್ಕ ಬಂದಾಗ ಗಂಡಸು ಹೊಲದಲ್ಲೋ ಮಾರುಕಟ್ಟೆಯಲ್ಲೋ ಇರುತ್ತಾನೆ. ಇದ್ದರೂ ಪರಸ್ತ್ರೀಯ ಮುಂದೆ ಅಂಗಿ ಎತ್ತಿ ಟೇಪು ಹಿಡಿಸಿಕೊಳ್ಳಲು ಸಂಕೋಚ. ಆದ್ದರಿಂದ ಬ್ಯಾಡಗಿಯಲ್ಲಿ ವ್ಯಾಪಾರದ ದಿನ ಮಾರುಕಟ್ಟೆಯ ಪ್ರಾಂಗಣದಲ್ಲೇ, ಐರಣಿಯಂಥ ಊರಲ್ಲಿ ಸಂತೆಯ ಹೊತ್ತಿಗೆ, ಗಂಡು ಆರೋಗ್ಯ ಸಿಬ್ಬಂದಿಯ ಕೈಯಲ್ಲಿ ಟೇಪು, ಬಿಪಿ ಯಂತ್ರ, ಒಂದು ಸ್ಪೈರೋಮೀಟರ್ ಕೊಟ್ಟು ಕೂರಿಸಬೇಕು. ಗೊರಕೆಯ ಪ್ರಶ್ನೆಯನ್ನೂ ಅಲ್ಲೇ ಕೇಳಬೇಕು, ಅದನ್ನು ಕೇಳುವಾಗ ಮನೆಯಾಕೆಯೂ ಜೊತೆಗಿರಬೇಕು. ರಾತ್ರಿ ಉಸಿರು ನಿಂತದ್ದನ್ನು ಅವನು ಕಂಡಿರುವುದಿಲ್ಲ, ಆಕೆ ಕಂಡಿರುತ್ತಾಳೆ.